ತಾಪಕ್ಕೆ ರೂಪಗೆಡುವ ರಕ್ತಕಣ

ಅನೇಕ ವರ್ಷಗಳ ಹಿಂದಿನ ಮಾತು. ವೈಶಾಖದ ಉರಿಬಿಸಿಲಿನ ದಿನಗಳು. ನಮ್ಮ ಮನೆಯ ಮಗಳೊಬ್ಬಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆಯೇನೋ ಆಯಿತು, ಆದರೆ ರಕ್ತಸ್ರಾವ ನಿಲ್ಲಲಿಲ್ಲ. ಕೂಡಲೇ ರಕ್ತ ಕೊಡಬೇಕೆಂದು ವೈದ್ಯರು ತಿಳಿಸಿದರು. ರಕ್ತನಿಧಿಯು ಊರಿನ ಇನ್ನೊಂದು ತುದಿಯಲ್ಲಿತ್ತು. ಚೀಟಿ ಹಿಡಿದು ಓಡಿದ ನಾವು ಅಲ್ಲಿಂದ ಒಂದು ರಕ್ತದ ಚೀಲವನ್ನು ಪಡೆದು, ತಂಪು ಪೆಟ್ಟಿಗೆಯಲ್ಲಿ ಇರಿಸಿಕೊಂಡು ಆಸ್ಪತ್ರೆಗೆ ಮರಳಿದೆವು.

ಚೀಲವನ್ನು ಕೈಯಲ್ಲಿ ಹಿಡಿದಾಗ ಅದು ಹಿಮದಂತೆ ತಣ್ಣಗಿತ್ತು. ಬಾಣಂತಿಯ ಮೈಗೆ ಇಂಥ ತಣ್ಣನೆಯದನ್ನು ಏರಿಸುವುದೇ ಎಂದು ಅಲ್ಲಿದ್ದ ಹಿರಿಯರಿಗೆಲ್ಲ ಕಳವಳ. ನಮ್ಮ ಅಜ್ಜನವರಂತೂ, "ಇಷ್ಟು ತಣ್ಣಗಿದ್ದದ್ದು ಮೈಯಾಗ ಹೋದ್ರ ಕೂಸಿಗೆ ನಡುಕ ಬರೂದಿಲ್ಲೇನು? ಒಂದೀಟು ಬಿಸಿನೀರಾಗ ಇಡು ತಮ್ಮಾ" ಎಂದರು. ಮಾತು ನಮಗೂ ಸರಿಯೆನಿಸಿತು. ಚಹದ ಅಂಗಡಿಯಿಂದ ಒಂದು ಪಾತ್ರೆ ಕುದಿನೀರು ಬಂದೇಬಿಟ್ಟಿತು. ಚೀಲವನ್ನು ಅದರಲ್ಲಿ ಇಳಿಬಿಡಬೇಕು, ಅಷ್ಟರಲ್ಲಿ ಒಳಗಿನಿಂದ ಬಂದ ದಾದಿಯವರು ನಮ್ಮ ಕೈಯನ್ನೇ ಹಿಡಿದುಕೊಂಡರು. "ಬ್ಯಾಡ್ರಿ ಅಜ್ಜಾರ, ಬಿಸಿನೀರಾಗ ಇಟ್ರ ರಕ್ತ ಕೆಡತೈತ್ರಿ. ಜೀವಕ್ಕ ಕುತ್ತು ತರತೈತ್ರಿ" ಎಂದು ಚೀಲವನ್ನು ಕಸಿದುಕೊಂಡು ಒಳಗೆ ಹೋದರು.

ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ದೊಡ್ಡದಾಗಿದೆ. ಆದರೆ ಅಂದು ಆ ತಾಯಿ ಅರ್ಧ ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ರಕ್ತವು ಬಿಸಿಯಾದರೆ ಕೆಡುವುದೇಕೆ? ಬಿಸಿಲಿನಲ್ಲಿ ದುಡಿದು ಬಂದವರು "ಮೈಯೊಳಗಿನ ರಕ್ತ ಸುಟ್ಟುಹೋಯಿತು" ಎನ್ನುವರಲ್ಲ, ಅದರಲ್ಲಿ ನಿಜವೆಷ್ಟು? ಜ್ವರದ ತಾಪಕ್ಕೂ ಒಲೆಯ ತಾಪಕ್ಕೂ ವ್ಯತ್ಯಾಸವೇನು? ಈ ಪ್ರಶ್ನೆಗಳ ಬೆನ್ನು ಹತ್ತಿ ನಾವು ತಿಳಿದುಕೊಂಡ ಸಂಗತಿಗಳನ್ನು ಓದುಗ ಬಂಧುಗಳ ಮುಂದೆ ಇರಿಸುವುದು ಈ ಲೇಖನದ ಉದ್ದೇಶ.

ನಡುವೆ ತಗ್ಗಿದ ತಟ್ಟೆ

ನಮ್ಮ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವುದು ಕೆಂಪು ರಕ್ತಕಣ. ಒಂದು ಹನಿಯ ಒಂದು ಸಣ್ಣ ಅಂಶದಲ್ಲಿ, ಎಂದರೆ ಒಂದು ಘನ ಮಿಲಿಮೀಟರಿನಲ್ಲಿ, ಸುಮಾರು 50 ಲಕ್ಷ ಕಣಗಳಿರುತ್ತವೆ. 1674ರಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರಗಳಿಂದ ಈ ಕಣಗಳನ್ನು ನೋಡಿ ವರ್ಣಿಸಿದನು. ಅಂದಿನಿಂದ ಇಂದಿನವರೆಗೆ ಇವುಗಳಷ್ಟು ಪರಿಶೀಲನೆಗೆ ಒಳಗಾದ ಜೀವಕೋಶ ಇನ್ನೊಂದು ಇರಲಾರದು.

ಈ ಕಣದ ಆಕಾರವು ಬಲು ವಿಶಿಷ್ಟವಾದುದು. ಹಿಟ್ಟಿನ ಚಿಕ್ಕ ಉಂಡೆಯನ್ನು ಚಪ್ಪಟೆ ಮಾಡಿ, ಎರಡೂ ಬದಿಗಳಿಂದ ನಡುವೆ ಬೆರಳಿನಿಂದ ಒತ್ತಿದರೆ ಹೇಗಿರುವುದೋ ಹಾಗೆ ಅದು ಅಂಚಿನಲ್ಲಿ ದಪ್ಪ, ನಡುವೆ ತೆಳು. ಅಡ್ಡಳತೆ ಏಳೂವರೆ ಮೈಕ್ರಾನಿನಷ್ಟು. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಸ್ಥಿಮಜ್ಜೆಯಲ್ಲಿ ಹುಟ್ಟುವಾಗ ಕಣದೊಳಗೆ ಕೋಶಕೇಂದ್ರ ಇರುತ್ತದೆ. ರಕ್ತಪ್ರವಾಹಕ್ಕೆ ಇಳಿಯುವ ಮುನ್ನ ಅದನ್ನು ಹೊರಹಾಕಿಬಿಡುತ್ತದೆ. ಒಳಗೆ ಉಳಿಯುವುದು ಬಹುಮಟ್ಟಿಗೆ ಹಿಮೋಗ್ಲೋಬಿನ್ ಮತ್ತು ನೀರು. ಹೀಗೆ ಬರಿದಾದ ಕಣವು ಸುಮಾರು 120 ದಿನಗಳ ಕಾಲ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೂ ತಲುಪಿಸುತ್ತದೆ.

ಆಕಾರವು ಹೀಗೇ ಏಕೆ ಇರಬೇಕು? ಕಣವು ಹಾದುಹೋಗಬೇಕಾದ ಲೋಮನಾಳಗಳು ಅನೇಕ ಕಡೆ ಕಣಕ್ಕಿಂತ ಕಿರಿದಾಗಿವೆ. ಗುಲ್ಮದಲ್ಲಿರುವ ಸೀಳುಗಳಂತೂ ಒಂದೆರಡು ಮೈಕ್ರಾನಿಗಿಂತ ಅಗಲವಿಲ್ಲ. ಏಳೂವರೆ ಅಗಲದ ವಸ್ತು ಒಂದೆರಡು ಅಗಲದ ಬಾಗಿಲಿನಲ್ಲಿ ನುಸುಳಬೇಕಾದರೆ ಅದು ಮಡಚಿಕೊಳ್ಳಬೇಕು, ಹಿಗ್ಗಬೇಕು, ಹೊರಬಂದೊಡನೆ ಮೊದಲಿನಂತಾಗಬೇಕು. ಇದಕ್ಕೆ ಅನುವು ಮಾಡಿಕೊಡುವುದು ಹೊರಪೊರೆಯ ಸಡಿಲ.

ಜೋಳಿಗೆಯ ದೃಷ್ಟಾಂತದಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಅರ್ಧ ತುಂಬಿದ ಜೋಳಿಗೆಯನ್ನು ಮಡಚಬಹುದು, ಹೆಗಲಿಗೆ ಹಾಕಬಹುದು, ಕಂಕುಳಲ್ಲಿ ಒತ್ತಿ ಹಿಡಿಯಬಹುದು. ಬಾಯಿಯವರೆಗೆ ಬಿಗಿದು ತುಂಬಿದ ಜೋಳಿಗೆ ಗುಂಡಗಾಗುತ್ತದೆ. ಎತ್ತ ಒತ್ತಿದರೂ ಬಾಗುವುದಿಲ್ಲ. ರಕ್ತಕಣದ ಹೊರಪೊರೆಯ ವಿಸ್ತೀರ್ಣ ಸುಮಾರು 140 ಚದರ ಮೈಕ್ರಾನ್. ಅದರೊಳಗಿನ ಪದಾರ್ಥವನ್ನು ಗುಂಡಗಿನ ಚೆಂಡಾಗಿ ಕಟ್ಟಲು ಸುಮಾರು 97 ಚದರ ಮೈಕ್ರಾನ್ ಪೊರೆ ಸಾಕಾಗುತ್ತಿತ್ತು. ಈ ಹೆಚ್ಚುವರಿ ಬಟ್ಟೆಯೇ ಕಣದ ಬಾಳಿಗೆ ಆಧಾರ. ಅದು ಕಳೆದುಹೋದರೆ ಕಣವು ಗುಂಡಗಾಗುತ್ತದೆ, ಬಿಗಿಯುತ್ತದೆ, ಗುಲ್ಮದ ಸೀಳಿನಲ್ಲಿ ಸಿಕ್ಕಿಕೊಂಡು ಅಲ್ಲಿಯೇ ನಾಶ ಹೊಂದುತ್ತದೆ.

ಪೊರೆಯ ಒಳಗಿನ ಬಲೆ

ಪೊರೆಯು ಮುಖ್ಯವಾಗಿ ಜಿಡ್ಡಿನಿಂದಾದ ಎರಡು ಪದರಗಳ ತೆಳುವಾದ ಹಾಳೆ. ಅದಕ್ಕೆ ತಾನಾಗಿ ಆಕಾರ ಹಿಡಿದು ನಿಲ್ಲುವ ಶಕ್ತಿಯಿಲ್ಲ. ಹಾಳೆಯ ಒಳಮೈಗೆ ಅಂಟಿಕೊಂಡಂತೆ ಪ್ರೋಟೀನಿನ ಎಳೆಗಳಿಂದ ಹೆಣೆದ ಒಂದು ಬಲೆಯಿದೆ. ಈ ಎಳೆಗಳ ಮುಖ್ಯ ಪ್ರೋಟೀನಿಗೆ ಸ್ಪೆಕ್ಟ್ರಿನ್ ಎಂದು ಹೆಸರು. 1968ರಲ್ಲಿ ಇದನ್ನು ಬೇರ್ಪಡಿಸಿ ವರ್ಣಿಸಲಾಯಿತು. ಹಳೆಯ ಮನೆಗಳಲ್ಲಿ ಹಾಲು ಮೊಸರಿನ ಗಡಿಗೆಗಳನ್ನು ತೂಗುಹಾಕುತ್ತಿದ್ದ ನೆಲುವನ್ನು ನಮ್ಮ ಹಿರಿಯ ಓದುಗರು ಬಲ್ಲರು. ಆ ನೆಲುವಿನ ಹಗ್ಗದಂತೆ ಸ್ಪೆಕ್ಟ್ರಿನ್ ಎಳೆಗಳು ಗಂಟುಗಂಟಾಗಿ ಒಂದಕ್ಕೊಂದು ಕೂಡಿ ಪೊರೆಯನ್ನು ಹಿಡಿದಿಡುತ್ತವೆ. ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಗುಣ ಈ ಎಳೆಗಳದು.

ತಾಪವು ಮೊದಲು ಪೆಟ್ಟು ಹಾಕುವುದು ಈ ಬಲೆಗೆ. ಪ್ರೋಟೀನಿನ ಎಳೆಗಳು ತಮ್ಮದೇ ಆದ ಮಡಿಕೆಗಳಲ್ಲಿ ಸುತ್ತಿಕೊಂಡಿರುತ್ತವೆ. ಒಂದು ಮಿತಿಯನ್ನು ದಾಟಿ ಬಿಸಿಯಾದಾಗ ಆ ಮಡಿಕೆಗಳು ಬಿಚ್ಚಿಹೋಗುತ್ತವೆ. ಒಮ್ಮೆ ಒಡೆದ ಹಾಲು ಮತ್ತೆ ಹಾಲಾಗದಂತೆ, ಹೀಗೆ ಕೆಟ್ಟ ಪ್ರೋಟೀನು ತಣ್ಣಗಾದರೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಸ್ಪೆಕ್ಟ್ರಿನ್ನಿನ ಮಟ್ಟಿಗೆ ಈ ಮಿತಿ ಸುಮಾರು 49 ಡಿಗ್ರಿ ಸೆಲ್ಸಿಯಸ್. 47 ಡಿಗ್ರಿ ದಾಟುವಾಗಲೇ ಪೊರೆಯಲ್ಲಿ ಸರಿಪಡಿಸಲಾಗದ ಬದಲಾವಣೆ ಮೊದಲಾಗುತ್ತದೆ. 50 ಡಿಗ್ರಿಯನ್ನು ಮೀರಿದರೆ ಕೆಲವೇ ನಿಮಿಷಗಳಲ್ಲಿ ಕಣಗಳು ಛಿದ್ರವಾಗುತ್ತವೆ.

ಈ ದೃಶ್ಯವನ್ನು ಮೊದಲು ಕಂಡು ಬರೆದಿಟ್ಟವರಲ್ಲಿ ಪ್ರಮುಖನು ಜರ್ಮನಿಯ ಬಾನ್ ನಗರದ ಪ್ರಾಧ್ಯಾಪಕ ಮ್ಯಾಕ್ಸ್ ಶುಲ್ಟ್ಸ್. ಸೂಕ್ಷ್ಮದರ್ಶಕದ ಕೆಳಗಿಡುವ ಗಾಜನ್ನು ಬೇಕಾದಷ್ಟೇ ಬಿಸಿ ಮಾಡಬಲ್ಲ ಒಂದು ಪೀಠವನ್ನು ಆತನು ರಚಿಸಿದನು. 1865ರಲ್ಲಿ ಅದರ ಮೇಲೆ ರಕ್ತದ ಹನಿಯನ್ನಿರಿಸಿ ಮೆಲ್ಲಮೆಲ್ಲನೆ ತಾಪವನ್ನು ಏರಿಸುತ್ತ ನೋಡಿದನು. ಬಹಳ ಹೊತ್ತು ಕಣಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. 52 ಡಿಗ್ರಿಯ ಹತ್ತಿರ ಬಂದೊಡನೆ ತಟ್ಟೆಯಂಥ ಕಣಗಳ ಅಂಚಿನಲ್ಲಿ ಮೊಗ್ಗುಗಳು ಮೂಡಿದವು. ಮೊಗ್ಗುಗಳು ಕತ್ತು ಕಟ್ಟಿಕೊಂಡು ಉದುರಿ ಚಿಕ್ಕ ಗುಂಡುಗಳಾದವು. ಒಂದೇ ಕಣವು ಹತ್ತಾರು ಚೂರಾಗಿ ಹರಡಿತು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆತನು ಕಂಡದ್ದು ಏಕೆ ಹಾಗಾಯಿತೆಂಬುದಕ್ಕೆ ಸ್ಪೆಕ್ಟ್ರಿನ್ನಿನ ಬಲೆಯು ಬೆಳಕಿಗೆ ಬಂದ ಮೇಲೆಯೇ ಉತ್ತರ ದೊರೆಯಿತು. ಬಲೆ ಕಳಚಿದಾಗ ಪೊರೆಗೆ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದ ಕಡೆ ಅದು ಮೊಗ್ಗಾಗಿ ಉಬ್ಬಿ ಹರಿದುಹೋಗುತ್ತದೆ.

ಪಾತ್ರೆಯ ಬಿಸಿನೀರು 49 ಡಿಗ್ರಿ ದಾಟಲು ಎಷ್ಟು ಹೊತ್ತು? ಸ್ನಾನಕ್ಕೆ ತುಸು ಚುರುಕೆನಿಸುವ ನೀರೇ 45 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಾವು ಅಂದು ಹಿಡಿದಿದ್ದ ಪಾತ್ರೆಯ ನೀರಿನಿಂದ ಹಬೆ ಏಳುತ್ತಿತ್ತು. ಚೀಲದ ಅಂಚಿನಲ್ಲಿದ್ದ ಕಣಗಳು ಒಡೆದು, ಅವುಗಳೊಳಗಿನ ಹಿಮೋಗ್ಲೋಬಿನ್ ದ್ರವದಲ್ಲಿ ಬೆರೆತು, ಅದನ್ನೇ ಆ ಬಾಣಂತಿಗೆ ಏರಿಸಿದ್ದರೆ ಅವಳ ಮೂತ್ರಪಿಂಡಗಳಿಗೆ ಅಪಾಯವಾಗುತ್ತಿತ್ತು. ರಕ್ತನಿಧಿಗಳಲ್ಲಿ ಕೆಂಪುಕಣಗಳನ್ನು 2ರಿಂದ 6 ಡಿಗ್ರಿಯ ತಂಪಿನಲ್ಲಿಡುವುದು ಅವುಗಳ ರಕ್ಷಣೆಗಾಗಿಯೇ. ರಕ್ತವನ್ನು ಬೆಚ್ಚಗೆ ಮಾಡುವ ಅಗತ್ಯವಿದ್ದಲ್ಲಿ, ಉದಾಹರಣೆಗೆ ಬಹಳ ರಕ್ತವನ್ನು ವೇಗವಾಗಿ ಕೊಡಬೇಕಾದಾಗ, ಅದಕ್ಕಾಗಿಯೇ ನಿರ್ಮಿಸಿದ, ತಾಪವನ್ನು ಮಿತಿಯಲ್ಲಿಡುವ ಯಂತ್ರವನ್ನು ವೈದ್ಯರು ಬಳಸುತ್ತಾರೆ. ಬಿಸಿನೀರಿನ ಪಾತ್ರೆ, ಬಿಸಿಲು, ಒಲೆಯ ಪಕ್ಕ ಇವು ಯಾವುವೂ ಸಲ್ಲವು.

ಬೆಂಕಿಯ ಗಾಯದಲ್ಲಿ

ಪ್ರಯೋಗಶಾಲೆಯಲ್ಲಿ ಕಂಡದ್ದು ಮನುಷ್ಯನ ಮೈಯಲ್ಲಿಯೂ ನಡೆಯುವುದುಂಟು. ಒಲೆಯ ಬೆಂಕಿ, ಕುದಿಯುವ ಎಣ್ಣೆ, ಬಿಸಿ ಸಾರು ಮೈಮೇಲೆ ಬಿದ್ದಾಗ ಚರ್ಮವಷ್ಟೇ ಸುಡುವುದಿಲ್ಲ. ಆ ಗಳಿಗೆಯಲ್ಲಿ ಚರ್ಮದ ನಾಳಗಳಲ್ಲಿ ಹರಿಯುತ್ತಿದ್ದ ರಕ್ತವೂ ಕಾಯುತ್ತದೆ. ಗಾಯ ಆಳವಾಗಿದ್ದು ಮೈಯ ವಿಶಾಲ ಭಾಗವನ್ನು ಆವರಿಸಿದ್ದರೆ, ಇಂಥ ರೋಗಿಯ ರಕ್ತವನ್ನು ಗಾಜಿನ ಮೇಲೆ ಹರಡಿ ನೋಡಿದಾಗ ಶುಲ್ಟ್ಸ್ ಕಂಡ ಚೂರುಗಳೂ ಚಿಕ್ಕ ಗುಂಡುಕಣಗಳೂ ಕಾಣಿಸುತ್ತವೆ. ಅಮೆರಿಕದ ಹ್ಯಾಮ್, ಕ್ಯಾಸಲ್ ಮತ್ತು ಸಂಗಡಿಗರು 1948ರಲ್ಲಿ ಸುಟ್ಟಗಾಯದಿಂದ ಕೆಂಪುಕಣಗಳು ನಾಶವಾಗುವ ಬಗೆಯನ್ನು ವಿವರವಾಗಿ ಪ್ರಕಟಿಸಿದರು. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರದಲ್ಲಿ ಇಳಿದು ಅದು ಕೆಂಪಾಗಿ ಅಥವಾ ಕಂದಾಗಿ ಕಾಣುವುದುಂಟು. ಇದು ಮೂತ್ರಪಿಂಡಕ್ಕೆ ಬಂದ ಅಪಾಯದ ಮುನ್ಸೂಚನೆ.

ಆದುದರಿಂದ ಸುಟ್ಟಗಾಯಕ್ಕೆ ಮೊದಲ ಚಿಕಿತ್ಸೆ ತಂಪು ನೀರು. ನಲ್ಲಿಯ ಸಾಮಾನ್ಯ ನೀರನ್ನು 20 ನಿಮಿಷಗಳವರೆಗೆ ಗಾಯದ ಮೇಲೆ ಹರಿಯಬಿಡಬೇಕು. ಬೆಂಕಿಯಿಂದ ದೂರ ಸರಿದ ಮೇಲೂ ಚರ್ಮದ ಒಳಪದರಗಳಲ್ಲಿ ತಾಪವು ಕೆಲಕಾಲ ಉಳಿದು ಸುಡುತ್ತಲೇ ಇರುತ್ತದೆ. ನೀರು ಅದನ್ನು ಹೊರಗೆಳೆಯುತ್ತದೆ. ತುಪ್ಪ, ಎಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟ್ ಬಳಿಯುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಇವು ತಾಪವನ್ನು ಒಳಗೇ ಹಿಡಿದಿಡುತ್ತವೆ, ಗಾಯವನ್ನು ಕೊಳೆ ಮಾಡುತ್ತವೆ. ಅಡುಗೆಮನೆಯಲ್ಲಿ ದುಡಿಯುವ ನಮ್ಮ ತಾಯಂದಿರು, ಸೊಸೆಯಂದಿರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹುಟ್ಟಿನಿಂದಲೇ ತಾಪಕ್ಕೆ ಸೋಲುವ ಕಣಗಳೂ ಉಂಟು. ಸುಟ್ಟಗಾಯವಿಲ್ಲದಿದ್ದರೂ ಸುಟ್ಟವರ ರಕ್ತದಂತೆಯೇ ಚೂರುಚೂರಾದ ಕಣಗಳುಳ್ಳ ಕೆಲವು ಮಕ್ಕಳು ವೈದ್ಯರ ಗಮನಕ್ಕೆ ಬಂದರು. 1975ರಲ್ಲಿ ಅಮೆರಿಕದಲ್ಲಿ ಜಾರ್ಕೋವ್‌ಸ್ಕಿ, ನಾರ್ಲ ಮೋಹನದಾಸ್ ಮೊದಲಾದವರು ಈ ವಿಚಿತ್ರವನ್ನು ಬಿಡಿಸಿದರು. ಇಂಥ ಮಕ್ಕಳ ರಕ್ತಕಣಗಳು 49ರಲ್ಲಿ ಅಲ್ಲ, 45-46 ಡಿಗ್ರಿಯಲ್ಲಿಯೇ ಒಡೆಯುತ್ತಿದ್ದವು. ಅವರ ಸ್ಪೆಕ್ಟ್ರಿನ್ನಿನಲ್ಲಿಯೇ ದೋಷವಿತ್ತು. ಎಳೆಗಳ ಗಂಟು ಸಡಿಲವಾಗಿದ್ದುದರಿಂದ ಮೈಯ ಸಹಜ ಉಷ್ಣದಲ್ಲಿಯೂ ಅವು ಹರಿದು ತೀವ್ರ ರಕ್ತಹೀನತೆ ಉಂಟಾಗುತ್ತಿತ್ತು. ತಂದೆ ತಾಯಿ ಇಬ್ಬರ ಕಡೆಯಿಂದಲೂ ದೋಷ ಬಂದಾಗ ಮಗುವಿನಲ್ಲಿ ಕಾಣಿಸುವ ಅಪರೂಪದ ರೋಗವಿದು. ಸೋದರ ಸಂಬಂಧದಲ್ಲಿ ಮದುವೆ ಮಾಡುವ ವಾಡಿಕೆ ಇನ್ನೂ ಉಳಿದಿರುವ ನಮ್ಮ ಕಡೆ, ಇಬ್ಬರ ಕಡೆಯಿಂದ ಕೂಡಿಬರುವ ರೋಗಗಳ ಸಂಭವ ಹೆಚ್ಚೆಂಬುದನ್ನು ಹಿರಿಯರು ಮರೆಯಬಾರದು.

ತಾಪದಿಂದಾಗುವ ಈ ಕೇಡನ್ನೇ ವೈದ್ಯವಿಜ್ಞಾನವು ಒಂದು ಉಪಾಯವಾಗಿಯೂ ಮಾಡಿಕೊಂಡಿದೆ. ರೋಗಿಯ ರಕ್ತವನ್ನು ಸ್ವಲ್ಪ ತೆಗೆದು, ಅದರ ಕಣಗಳಿಗೆ ಟೆಕ್ನೀಷಿಯಮ್ ಎಂಬ ವಿಕಿರಣ ಗುರುತನ್ನು ಅಂಟಿಸಿ, 49.5 ಡಿಗ್ರಿಯಲ್ಲಿ ಸುಮಾರು ಕಾಲು ಗಂಟೆ ಕಾಯಿಸಿ, ಪುನಃ ಅವನ ಮೈಗೆ ಸೇರಿಸುತ್ತಾರೆ. ಬಿಗಿದ ಗುಂಡುಕಣಗಳನ್ನು ಗುಲ್ಮವು ಹೆಕ್ಕಿ ಹಿಡಿಯುತ್ತದೆ. ವಿಶೇಷ ಕ್ಯಾಮೆರಾ ಹಿಡಿದರೆ ಗುಲ್ಮದ ಅಂಶ ಮೈಯಲ್ಲಿ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಬೆಳಗಿದಂತೆ ಚಿತ್ರ ಮೂಡುತ್ತದೆ. ರೂಪಗೆಟ್ಟ ಕಣವನ್ನು ಗುಲ್ಮ ಕ್ಷಮಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜ್ವರ ಮತ್ತು ಬಿಸಿಲು

ಇಷ್ಟನ್ನು ಓದಿದ ಮೇಲೆ, ಮಗುವಿಗೆ ಜ್ವರ ಬಂದಾಗ ರಕ್ತವು ಕೆಡುವುದೇ ಎಂಬ ಅಂಜಿಕೆ ಹುಟ್ಟಬಹುದು. ಅಂಜಬೇಕಿಲ್ಲ. 104 ಡಿಗ್ರಿ ಫ್ಯಾರನ್‌ಹೀಟ್ ಜ್ವರವೆಂದರೆ 40 ಡಿಗ್ರಿ ಸೆಲ್ಸಿಯಸ್. ಕಣಗಳು ಒಡೆಯುವ 49 ಡಿಗ್ರಿಯೆಂದರೆ 120 ಫ್ಯಾರನ್‌ಹೀಟ್. ಎರಡಕ್ಕೂ ಬಹು ಅಂತರವಿದೆ. ಜ್ವರವು ಎಂದೂ ಅಲ್ಲಿಯವರೆಗೆ ಏರದು. ಅಷ್ಟು ಏರಿದರೆ ರಕ್ತಕಣದ ಮಾತಿರಲಿ, ಮಿದುಳೇ ಉಳಿಯದು. ಆದರೆ ಮಲೇರಿಯಾದಂಥ ರೋಗದಲ್ಲಿ ಸಂಗತಿ ಬೇರೆ. ಅಲ್ಲಿ ರೋಗಾಣುವು ಕಣದೊಳಗೇ ಮನೆ ಮಾಡಿ ಪೊರೆಯನ್ನು ಗಡುಸಾಗಿಸುತ್ತದೆ. ಫಾಲ್ಸಿಪೇರಮ್ ಮಲೇರಿಯಾದಲ್ಲಿ ಜ್ವರದ ತಾಪವು ಆ ಕಣಗಳನ್ನು ಇನ್ನಷ್ಟು ಬಿಗಿಗೊಳಿಸುವುದೆಂದು ಪ್ರಯೋಗಗಳು ತೋರಿಸಿವೆ.

ಹಾಗಾದರೆ ಬಿಸಿಲಿಗೆ ರಕ್ತ ಸುಡುತ್ತದೆಂಬ ಹಿರಿಯರ ಮಾತು ಸುಳ್ಳೇ? ಅಕ್ಷರಶಃ ನಿಜವಲ್ಲ, ಆದರೆ ಅದರ ಹಿಂದಿನ ಅನುಭವ ಸುಳ್ಳಲ್ಲ. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಸೀಮೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹವೆಯ ಉಷ್ಣ 40 ಡಿಗ್ರಿ ದಾಟುವುದು ಹೊಸದಲ್ಲ. ಹೊರಗಿನ ತಾಪ ಎಷ್ಟೇ ಇದ್ದರೂ ಬೆವರು ಸುರಿಸಿ, ಚರ್ಮದತ್ತ ರಕ್ತವನ್ನು ಹರಿಸಿ ಮೈಯು ತನ್ನ ಒಳಗಿನ ಉಷ್ಣವನ್ನು 37ರ ಹತ್ತಿರ ಕಾಯ್ದುಕೊಳ್ಳುತ್ತದೆ. ಇದಕ್ಕೆ ಅದು ತೆರುವ ಬೆಲೆ ನೀರು. ಬಿರುಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ತಾಸಿಗೆ ಒಂದು ಲೀಟರಿಗೂ ಹೆಚ್ಚು ಬೆವರನ್ನು ಕಳೆದುಕೊಳ್ಳಬಹುದು.

ಬೆವರಿನಲ್ಲಿ ಉಪ್ಪಿದ್ದರೂ ಅದು ರಕ್ತದಲ್ಲಿರುವುದಕ್ಕಿಂತ ಕಡಿಮೆ. ಆದ್ದರಿಂದ ನೀರು ಹೆಚ್ಚು ಹೋಗಿ ಉಪ್ಪು ಹಿಂದೆ ಉಳಿಯುತ್ತದೆ. ರಕ್ತದ್ರವದ ಸಾಂದ್ರತೆ ಏರುತ್ತದೆ. ಉಪ್ಪು ಸವರಿದ ಮಾವಿನಕಾಯಿ ಹೋಳು ಹೇಗೆ ನೀರು ಬಿಟ್ಟು ಸುಕ್ಕಾಗುವುದೋ ಹಾಗೆ ರಕ್ತಕಣದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಗಾಜಿನ ಮೇಲೆ ತೀವ್ರ ಉಪ್ಪುನೀರಿನಲ್ಲಿ ಕಣವನ್ನು ಇರಿಸಿದರೆ ಅದು ಕುಗ್ಗಿ ಮೈತುಂಬ ಮುಳ್ಳೆದ್ದು ದತ್ತೂರಿ ಕಾಯಿಯಂತೆ ಕಾಣುತ್ತದೆ. ನಮ್ಮ ಮೈಯಲ್ಲಿ ಬಿಸಿಲಿನಿಂದ ಅಷ್ಟು ಘೋರ ಬದಲಾವಣೆ ಆಗುವುದಿಲ್ಲ. ಆದರೆ ತುಸು ನೀರು ಕಳೆದುಕೊಂಡ ಕಣದೊಳಗೆ ಹಿಮೋಗ್ಲೋಬಿನ್ ದಟ್ಟವಾಗುತ್ತದೆ. ಕಣವು ಬಾಗುವುದಕ್ಕೆ ಸಂಕೋಚಪಡುತ್ತದೆ. ಜೊತೆಗೆ, ದ್ರವ ಕಡಿಮೆಯಾದುದರಿಂದ ಅಷ್ಟೇ ಜಾಗದಲ್ಲಿ ಕಣಗಳು ಹೆಚ್ಚು ಒತ್ತಾಗಿ ತುಂಬಿಕೊಳ್ಳುತ್ತವೆ. ಹರಿಯುತ್ತಿದ್ದ ನೆತ್ತರು ಮಂದವಾಗುತ್ತದೆ.

ಎಷ್ಟು ಮಂದವಾಗುತ್ತದೆ? ಲಂಡನ್ನಿನ ಕೀಟಿಂಗ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರನ್ನು 41 ಡಿಗ್ರಿಯ ಬೀಸುಗಾಳಿಯಲ್ಲಿ ಆರು ತಾಸು ಇರಿಸಿ ಪರೀಕ್ಷಿಸಿ 1986ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಬೆವರಿನಿಂದ ಅವರ ತೂಕ 1.8 ಕಿಲೋದಷ್ಟು ಇಳಿಯಿತು. ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಶೇಕಡಾ 9ರಷ್ಟು, ರಕ್ತದ ಮಂದತೆ ಶೇಕಡಾ 24ರಷ್ಟು ಏರಿತು. ಬಿಸಿಗಾಳಿಯ ದಿನಗಳಲ್ಲಿ ವೃದ್ಧರು ಹೃದಯಾಘಾತ, ಪಾರ್ಶ್ವವಾಯುಗಳಿಂದ ಹೆಚ್ಚಾಗಿ ಸಾಯುವುದಕ್ಕೆ ಹೀಗೆ ಮಂದವಾದ ರಕ್ತವು ಹೆಪ್ಪುಗಟ್ಟುವುದು ಒಂದು ಕಾರಣವೆಂದು ಅವರು ತೋರಿಸಿದರು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಬೇಸಗೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ಕುಸಿದಾಗ "ವಯಸ್ಸಾಗಿತ್ತು, ಶಿವನ ಪಾದ ಸೇರಿದರು" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಎಷ್ಟೋ ಸಲ ಆ ಸಾವನ್ನು ಎರಡು ಚೆಂಬು ನೀರು ಮುಂದೂಡಬಹುದಿತ್ತು. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕಡಿಮೆಯಾಗಿರುತ್ತದೆ. ಅವರು ಕೇಳಲಿ ಎಂದು ಕಾಯಬಾರದು. ನಾವಾಗಿ ಕೈಗೆ ಕೊಡಬೇಕು.

ಮೈಯ ಒಳಗಿನ ಉಷ್ಣವೇ 40 ಡಿಗ್ರಿ ದಾಟಿ, ಮಾತು ತೊದಲಿ, ಪ್ರಜ್ಞೆ ತಪ್ಪುವ ಸ್ಥಿತಿಗೆ ಉಷ್ಣಾಘಾತವೆಂದು ಹೆಸರು. ಇಲ್ಲಿ ತಾಪವು ರಕ್ತನಾಳಗಳ ಒಳಪದರವನ್ನು ನೋಯಿಸುತ್ತದೆ. ನಾಳಗಳೊಳಗೆ ಅಲ್ಲಲ್ಲಿ ಹೆಪ್ಪಿನ ಸೂಕ್ಷ್ಮ ಎಳೆಗಳು ಅಡ್ಡಲಾಗಿ ಕಟ್ಟಿಕೊಳ್ಳಬಹುದು. ವೇಗವಾಗಿ ಹರಿಯುವ ರಕ್ತಕಣಗಳು ಆ ಎಳೆಗಳಿಗೆ ಬಡಿದು ಸೀಳಿಹೋಗುತ್ತವೆ. ತಾಪವು ಕಣವನ್ನು ನೇರವಾಗಿ ಕರಗಿಸುವಷ್ಟು ಏರದಿದ್ದರೂ ಹೀಗೆ ಸುತ್ತುಬಳಸಿ ಅದರ ರೂಪವನ್ನು ಕೆಡಿಸಬಲ್ಲದು. ಇಂಥವರನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸಬೇಕು. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆ ಇಡಬಹುದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ತಂಪು ಮಾಡುವ ಕೆಲಸವನ್ನು ನಿಲ್ಲಿಸದೆಯೇ 108ಕ್ಕೆ ಕರೆ ಮಾಡಬೇಕು.

ಕುಡುಗೋಲಿನ ಆಕಾರ

ಬಿಸಿಲಿನ ಒಣಗುವಿಕೆಯು ಎಲ್ಲರಿಗಿಂತ ಹೆಚ್ಚಾಗಿ ಬಾಧಿಸುವುದು ಕುಡುಗೋಲು ಕಣದ ರಕ್ತಹೀನತೆ ಇರುವವರನ್ನು. 1910ರಲ್ಲಿ ಅಮೆರಿಕದ ಶಿಕಾಗೋ ನಗರದ ವೈದ್ಯ ಹೆರಿಕ್ ಇದನ್ನು ಮೊದಲು ವರ್ಣಿಸಿದನು. ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿರುವುದೇ ರೋಗದ ಮೂಲ. ಇಂಥ ಹಿಮೋಗ್ಲೋಬಿನ್ ಆಮ್ಲಜನಕವನ್ನು ಕಳೆದುಕೊಂಡಾಗ ಉದ್ದನೆಯ ಕಂಬಿಗಳಾಗಿ ಜೋಡಿಕೊಳ್ಳುತ್ತದೆ. ಕಂಬಿಗಳು ಒಳಗಿನಿಂದ ಒತ್ತಿ ತಟ್ಟೆಯಂಥ ಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಕಣದೊಳಗೆ ನೀರು ಕಡಿಮೆಯಾದಷ್ಟೂ ಈ ಕಂಬಿಗಳು ಬೇಗ ಕಟ್ಟಿಕೊಳ್ಳುತ್ತವೆ. ಗಡುಸಾದ ಕುಡುಗೋಲುಗಳು ಲೋಮನಾಳದಲ್ಲಿ ಸಿಕ್ಕಿಕೊಂಡು ತಾಳಲಾರದ ನೋವನ್ನು ಉಂಟುಮಾಡುತ್ತವೆ. ಜ್ವರ, ಬೆವರು, ಬಾಯಾರಿಕೆ ಈ ನೋವನ್ನು ಎಬ್ಬಿಸುವ ಕಾರಣಗಳಲ್ಲಿ ಮುಖ್ಯವಾದವು.

ಇದು ಪರದೇಶದ ರೋಗವೆಂದು ಬಹುಕಾಲ ತಿಳಿಯಲಾಗಿತ್ತು. 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನಮ್ಮ ನೆರೆಯ ನೀಲಗಿರಿಯ ಬೆಟ್ಟದ ಜನರಲ್ಲಿ ಇದನ್ನು ಗುರುತಿಸಿದರು. ನಮ್ಮ ನಾಡಿನ ಸೋಲಿಗರು, ಜೇನುಕುರುಬರು ಮೊದಲಾದ ಕಾಡಿನ ಬಂಧುಗಳಲ್ಲಿಯೂ ಇದು ಇದೆ. ಭಾರತ ಸರ್ಕಾರವು ಇದರ ನಿರ್ಮೂಲನೆಗಾಗಿ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು.

ರೋಗದ ಅಂಶವನ್ನು ಒಬ್ಬ ಪಾಲಕರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ತೀವ್ರ ದೈಹಿಕ ಶ್ರಮ ಮತ್ತು ತಾಪ ಕೂಡಿಬಂದಾಗ ಅವರಿಗೂ ಗಂಡಾಂತರ ಉಂಟು. 1977ರಿಂದ 1981ರವರೆಗೆ ಅಮೆರಿಕದ ಸೈನ್ಯದಲ್ಲಿ ತರಬೇತಿ ಪಡೆಯುತ್ತಿದ್ದ ಕಪ್ಪು ಜನಾಂಗದ ಯುವಕರನ್ನು ಪರಿಶೀಲಿಸಿದಾಗ, ಈ ಅಂಶವುಳ್ಳವರಲ್ಲಿ ಹಠಾತ್ ಸಾವು ಇತರರಿಗಿಂತ 28 ಪಟ್ಟು ಹೆಚ್ಚಾಗಿರುವುದು ಕಂಡುಬಂದಿತು. ಅನಂತರ ಸೈನ್ಯವು ಎಲ್ಲರಿಗೂ ಒಂದೇ ಎಂಬಂತೆ ನಿಯಮ ಮಾಡಿತು: ಹೊತ್ತು ಹೊತ್ತಿಗೆ ನೀರು, ಬಿಸಿಲು ನೋಡಿ ಕೆಲಸ, ನಡುನಡುವೆ ವಿಶ್ರಾಂತಿ. 2016ರಲ್ಲಿ ಸುಮಾರು 48,000 ಸೈನಿಕರ ದಾಖಲೆಗಳನ್ನು ನೋಡಿದಾಗ ಈ ಅಂಶವುಳ್ಳವರಲ್ಲಿ ಸಾವಿನ ಹೆಚ್ಚಳ ಕಾಣಲಿಲ್ಲ. ಸ್ನಾಯು ನಾಶವಾಗುವ ತೊಂದರೆ ಮಾತ್ರ ಇತರರಿಗಿಂತ ಹೆಚ್ಚಾಗಿಯೇ ಉಳಿದಿತ್ತು. ಔಷಧಿಯಲ್ಲ, ಶಸ್ತ್ರಕ್ರಿಯೆಯಲ್ಲ, ನೀರು ಮತ್ತು ನೆರಳು ಮಾಡಬಹುದಾದ ಉಪಕಾರ ಎಂಥದೆಂಬುದನ್ನು ಇದರಿಂದ ಊಹಿಸಬಹುದು.

ಮನೆಯಲ್ಲಿ ನಮ್ಮ ಕೆಲಸ

ಬೇಸಗೆಯಲ್ಲಿ ನೀರು, ಮಜ್ಜಿಗೆ, ಜೋಳದ ಅಂಬಲಿ, ಪಾನಕ ನಮ್ಮ ಹಿರಿಯರು ರೂಢಿಸಿದ ಉಪಾಯಗಳು. ಅವು ಇಂದಿಗೂ ಸಲ್ಲುತ್ತವೆ. ಬಹಳ ಬೆವರಿದಾಗ, ವಾಂತಿಭೇದಿಯಾದಾಗ ಓ.ಆರ್.ಎಸ್. ಪೊಟ್ಟಣವನ್ನು ಬಳಸಬೇಕು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿಯೇ ಕರಗಿಸಬೇಕು. ಒಂದು ಲೋಟದಲ್ಲಿ ಇಡೀ ಪೊಟ್ಟಣ ಸುರಿದು ಗಟ್ಟಿಯಾಗಿ ಕುಡಿಸುವವರನ್ನು ನಾವು ಕಂಡಿದ್ದೇವೆ. ಉಪ್ಪು ಹೆಚ್ಚಾದ ನೀರು ಕಣಗಳಿಂದ ನೀರನ್ನು ಇನ್ನಷ್ಟು ಹೊರಗೆಳೆಯುವುದೆಂಬುದನ್ನು ಮೇಲೆ ಹೇಳಿದ್ದೇವೆ. ಪೊಟ್ಟಣ ಸಿಗದಿದ್ದಲ್ಲಿ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಹೃದಯ ಅಥವಾ ಮೂತ್ರಪಿಂಡದ ರೋಗವಿರುವವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ತಮ್ಮ ವೈದ್ಯರಿಂದಲೇ ತಿಳಿಯಬೇಕು.

ತಂಪು ಸೀಮೆಯಿಂದ ಬಿಸಿಲು ಸೀಮೆಗೆ ಬಂದವರು, ಬಹುದಿನ ಮನೆಯೊಳಗಿದ್ದು ಹೊಲಕ್ಕೆ ಇಳಿದವರು ಮೊದಲ ದಿನವೇ ಪೂರ್ಣ ದುಡಿಯಬಾರದು. ಒಂದೆರಡು ವಾರಗಳಲ್ಲಿ ಮೈಯು ತಾನೇ ಒಗ್ಗಿಕೊಂಡು ರಕ್ತದ್ರವವನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಲಸ ಏರಿಸಬೇಕು. ಕೂಲಿಯಾಳುಗಳನ್ನು ಇಟ್ಟುಕೊಂಡ ಬಂಧುಗಳು ಇದನ್ನು ತಮ್ಮ ಕರ್ತವ್ಯವೆಂದೇ ಭಾವಿಸಬೇಕು. ಬಿಸಿಲೇರುವ ಮುನ್ನ ಕೆಲಸ, ನಡುಹಗಲು ನೆರಳು, ಕೈಗೆಟಕುವಂತೆ ನೀರು ಇವು ದಯೆಯ ಮಾತಲ್ಲ, ದುಡಿಯುವವನ ಹಕ್ಕು.

ಜಾತ್ರೆ ಮದುವೆಗಳು ನಮ್ಮಲ್ಲಿ ಬೇಸಗೆಯಲ್ಲಿಯೇ ಹೆಚ್ಚು. ಅಲ್ಲಲ್ಲಿ ಅರವಟ್ಟಿಗೆಗಳನ್ನು ಇಡುವ ಪದ್ಧತಿ ಇನ್ನೂ ಅಳಿದಿಲ್ಲ. ದಾರಿಹೋಕನ ಬೊಗಸೆಗೆ ನೀರೆರೆಯುವ ಆ ಕೈಗೆ, ಅವನ ಮೈಯೊಳಗಿನ ಕೋಟಿ ಕೋಟಿ ಪುಟ್ಟ ಕಣಗಳಿಗೆ ಬಾಗಿ ನುಸುಳುವ ಶಕ್ತಿಯನ್ನು ತಾನು ಕೊಡುತ್ತಿದ್ದೇನೆಂದು ತಿಳಿದಿರಲಾರದು. ತಿಳಿಯದೆಯೂ ಅದು ಸರಿಯಾದುದನ್ನೇ ಮಾಡುತ್ತಿದೆ. ಆದರೆ ಒಳ್ಳೆಯ ಮನಸ್ಸೊಂದೇ ಎಲ್ಲ ಸಲವೂ ಸಾಲದು. ಅಂದು ಬಿಸಿನೀರಿನ ಪಾತ್ರೆ ಹಿಡಿದಿದ್ದ ನಮ್ಮ ಮನಸ್ಸೂ ಒಳ್ಳೆಯದೇ ಆಗಿತ್ತು. ಅಜ್ಜನವರ ಮಾತಿನಲ್ಲಿ ತುಂಬಿದ್ದುದು ಮೊಮ್ಮಗಳ ಮೇಲಿನ ಮಮತೆಯೇ. ಆ ಮಮತೆಗೆ ಅರಿವು ಜೊತೆಯಾಗಿರಲಿಲ್ಲ, ಅಷ್ಟೆ. ಅರಿವನ್ನು ತಂದುಕೊಟ್ಟ ಆ ದಾದಿಯವರ ಹೆಸರನ್ನು ಕೇಳುವುದಕ್ಕೂ ಅಂದು ನಮಗೆ ವ್ಯವಧಾನವಿರಲಿಲ್ಲ. ಅವರು ಎಲ್ಲಿದ್ದರೂ ಚೆನ್ನಾಗಿರಲಿ.